ಹಸಿರು ಬಾಳು ಮತ್ತು ಮುಸುರೆ ಪಾತ್ರೆ

ಈ ಸಂಚಿಕೆಯ ಈ ಪುಟದಲ್ಲಿ ಬೋರ್ಡೋ ದ್ರಾವಣದ ವಿಷಯವಾಗಲಿ ಕಾಳುಮೆಣಸಿನ ಧಾರಣೆಯ ವಿಷಯವಾಗಲಿ ಇಲ್ಲ. ಅವು ಒಳಪುಟಗಳಲ್ಲಿ ಎಂದಿನಂತೆ ಇವೆ. ನಾವು ಇಂದು ಬರೆಯಹೊರಟಿರುವುದು ಅಡುಗೆಮನೆಯ ಹಿಂಬದಿಯಲ್ಲಿ, ಬಚ್ಚಲಿನ ಪಕ್ಕಕ್ಕೆ, ಪಾತ್ರೆ ತಿಕ್ಕಲು ಹಾಕಿರುವ ಒಂದು ಕಲ್ಲಿನ ವಿಷಯ. ಸಂಘದ ಪತ್ರಿಕೆಗೂ ಆ ಕಲ್ಲಿಗೂ ಏನು ಸಂಬಂಧವೆಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ದಯವಿಟ್ಟು ಕೊನೆಯವರೆಗೆ ಓದಬೇಕು. ಆಮೇಲೆ ಮಹಾಸಭೆಯಲ್ಲಿ ಎದ್ದು ನಿಂತು ಕಾರ್ಯದರ್ಶಿಯನ್ನು ತರಾಟೆಗೆ ತೆಗೆದುಕೊಳ್ಳುವ ಹಕ್ಕು ಅವರಿಗೆ ಇದ್ದೇ ಇದೆ.

ಕಳೆದ ವೈಶಾಖದಲ್ಲಿ ನಮ್ಮ ತಾಯಿಯವರಿಗೆ ಎಂಬತ್ತು ತುಂಬಿತು. ಆ ಸಂತೋಷಕ್ಕೆ ಮನೆಯ ಅಂಗಳದಲ್ಲಿ ಚಪ್ಪರ ಹಾಕಿಸಿ, ನೆಂಟರಿಷ್ಟರನ್ನೂ ಅಕ್ಕಪಕ್ಕದ ತೋಟದವರನ್ನೂ ಊಟಕ್ಕೆ ಕರೆದೆವು. ಸುಮಾರು ಮುನ್ನೂರು ಜನ. ಕರೆಯೋಲೆಯ ಕೆಳಗೆ 'ಇದು ಪ್ಲಾಸ್ಟಿಕ್ ಇಲ್ಲದ ಸಮಾರಂಭ' ಎಂದು ಹಸಿರು ಅಕ್ಷರದಲ್ಲಿ ಅಚ್ಚು ಹಾಕಿಸಿದವರು ನಾವೇ. ಪ್ಲಾಸ್ಟಿಕ್ ಬಿಡಿರೆಂದು ಇದೇ ಪತ್ರಿಕೆಯಲ್ಲಿ ಮೂರು ಬಾರಿ ಬರೆದ ಮೇಲೆ ಸ್ವಂತ ಮನೆಯಲ್ಲಿ ಬೇರೆ ಏನು ಮಾಡಲು ಬಂದೀತು? ಊಟಕ್ಕೆ ತೋಟದ ಬಾಳೆಲೆ, ನೀರಿಗೆ ಸ್ಟೀಲ್ ಲೋಟ, ಪಾನಕಕ್ಕೆ ಹಿತ್ತಾಳೆಯ ಕೊಳಗ ಎಂದು ತೀರ್ಮಾನವಾಯಿತು.

ಹದಿನೈದು ದಿನ ಮೊದಲೇ ನಮ್ಮ ಮನೆಯವರು ಕೇಳಿದ್ದರು: "ಲೋಟ ತೊಳೆಯುವವರು ಯಾರು?" ನಾವು ಸಂಘದ ಲೆಕ್ಕಪತ್ರದಲ್ಲಿ ಮುಳುಗಿದ್ದವರು ತಲೆ ಎತ್ತದೆ, "ಹೇಗೋ ಆಗುತ್ತದೆ ಬಿಡು" ಎಂದೆವು.

ಹೇಗೋ ಆಗಲಿಲ್ಲ. ಹಿಂದೆಲ್ಲ ಇಂಥ ದಿನಗಳಲ್ಲಿ ಕೈಜೋಡಿಸುತ್ತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರು ಮಗಳ ಬಾಣಂತನಕ್ಕೆ ಹೋಗಿದ್ದರು. ಇನ್ನೊಬ್ಬರು ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ಉಳಿದವರು ನಮ್ಮ ಮನೆಯವರು, ಅವರ ತಂಗಿ, ನಮ್ಮ ಅತ್ತಿಗೆ ಮತ್ತು ಬೆಂಗಳೂರಿನಿಂದ ಎರಡು ದಿನದ ರಜೆ ಹಾಕಿ ಬಂದಿದ್ದ ಮಗಳು. ಎರಡನೆಯ ಪಂಕ್ತಿ ಕೂರುವಾಗ ತೊಳೆದ ಲೋಟ ಮುಗಿಯಿತು. ಮಧ್ಯಾಹ್ನದ ಬಿಸಿಲು, ಬಡಿಸುವ ಗಡಿಬಿಡಿ, ನೀರು ನೀರು ಎಂಬ ಕೂಗು. ನಮ್ಮ ಭಾವ ಜೀಪು ತೆಗೆದುಕೊಂಡು ಪೇಟೆಗೆ ಓಡಿದರು. ಅರ್ಧ ಗಂಟೆಯಲ್ಲಿ ನೀರಿನ ಬಾಟಲಿಯ ಪೆಟ್ಟಿಗೆಗಳೂ ಕಾಗದದ ಲೋಟದ ಕಟ್ಟುಗಳೂ ಬಂದಿಳಿದವು. ನಾವು ಚಪ್ಪರದ ಕಂಬ ಹಿಡಿದು ನೋಡುತ್ತ ನಿಂತೆವು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಯಾರೂ ಬಾಯಿ ಬಿಟ್ಟು ಆಡಲಿಲ್ಲ. ಅದು ಅವರ ದೊಡ್ಡತನ.

ಸಂಜೆ ಹಿತ್ತಿಲಿನಲ್ಲಿ ಐದು ಗೋಣಿಚೀಲ ತುಂಬ ಬಾಟಲಿ ಮತ್ತು ಲೋಟ. ನಾವು ಬೇಸರದಿಂದ ಏನೋ ಅಂದೆವು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೊಳಗ ತಿಕ್ಕುತ್ತಿದ್ದ ನಮ್ಮ ಮನೆಯವರು ಕೈ ನಿಲ್ಲಿಸದೆ ಹೇಳಿದರು: "ಹಸಿರು ಅಂತ ಬರೆಯುವವರು ನೀವು. ಮುಸುರೆ ತಿಕ್ಕುವವರು ನಾವು. ಬರೆಯುವ ಮೊದಲು ಒಂದು ಮಾತು ನಮ್ಮನ್ನು ಕೇಳಬಹುದಿತ್ತು."

ಜಗಲಿಯಲ್ಲಿ ಕೂತಿದ್ದ ತಾಯಿಯವರು ಇದನ್ನು ಕೇಳಿಸಿಕೊಂಡು ಒಳಗಿನಿಂದಲೇ ಒಂದು ಮಾತು ಸೇರಿಸಿದರು: "ನಮ್ಮ ಕಾಲದಲ್ಲಿ ಪ್ಲಾಸ್ಟಿಕ್ ಇರಲಿಲ್ಲ ಮಗಾ. ಅದರ ಕೆಲಸಕ್ಕೆ ನಾವಿದ್ದೆವು."

ಆ ದಿನದಿಂದ ಈ ಎರಡು ಮಾತುಗಳು ನಮ್ಮನ್ನು ಬಿಟ್ಟಿಲ್ಲ. ಅವುಗಳ ಫಲವೇ ಈ ಲೇಖನ.

ಅಂದಿನ ಹಸಿರು ಯಾರ ಕೈಯದು?

ನಾವು ಮಲೆನಾಡಿನವರು ಸೇರಿದಲ್ಲೆಲ್ಲ ಹಿಂದಿನ ಮನೆಯ ಗುಣಗಾನ ಮಾಡುತ್ತೇವೆ. ಅದರಲ್ಲಿ ಸುಳ್ಳೇನೂ ಇಲ್ಲ. ಆ ಮನೆಯಲ್ಲಿ ಎಸೆಯುವ ವಸ್ತು ಎಂಬುದೇ ಇರಲಿಲ್ಲ. ಒಲೆಯ ಬೂದಿ ಪಾತ್ರೆ ತಿಕ್ಕಲು, ಉಳಿದದ್ದು ಬಸಳೆಯ ಬುಡಕ್ಕೆ. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ಎಲ್ಲ ಸೇರಿ ಕಲಗಚ್ಚಾಗಿ ದನಗಳಿಗೆ. ಸಗಣಿ ಗೊಬ್ಬರಗುಂಡಿಗೆ, ಗೊಬ್ಬರ ಅಡಿಕೆಮರಕ್ಕೆ. ತಲೆಗೆ ಸೀಗೆ, ಬಟ್ಟೆಗೆ ಅಂಟುವಾಳ. ಬಿದ್ದ ಅಡಿಕೆ ಹಾಳೆ ಟೋಪಿಯಾಯಿತು, ಬೀಸಣಿಗೆಯಾಯಿತು, ಬೆಲ್ಲ ಕಟ್ಟಿಡುವ ಪೊಟ್ಟಣವಾಯಿತು. ಮಳೆಗೆ ಕಂಬಳಿಕೊಪ್ಪೆ ಮತ್ತು ಗೊರಬು. ಕೊಳೆರೋಗ ತಡೆಯಲು ಅಡಿಕೆ ಕೊನೆಗೆ ಕಟ್ಟುತ್ತಿದ್ದ ಕೊಟ್ಟೆ ಸಹ ಕರಡದ್ದು. ಇಂದು ಪಟ್ಟಣದ ಜನ ಹಣ ಕೊಟ್ಟು ಕಲಿಯುತ್ತಿರುವ ವಿದ್ಯೆಯೆಲ್ಲ ನಮ್ಮ ಅಜ್ಜಿಯಂದಿರಿಗೆ ನಿತ್ಯದ ಕೆಲಸವಾಗಿತ್ತು.

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ, ಒಂದೊಂದರ ಮುಂದೂ ಅದನ್ನು ಮಾಡುತ್ತಿದ್ದವರು ಯಾರೆಂದು ಬರೆದು ನೋಡಿ. ಕೊಟ್ಟೆ ಕಟ್ಟಲು ಮರ ಹತ್ತಿದವರು ಗಂಡಸರು, ಮಳೆಯಲ್ಲಿ ಜೀವವನ್ನು ಕೈಯಲ್ಲಿ ಹಿಡಿದು ಹತ್ತಿದರು, ಅದನ್ನು ಮರೆಯಬಾರದು. ಸೊಪ್ಪು ಕಡಿದು ಹೊತ್ತವರಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಉಳಿದದ್ದೆಲ್ಲ? ಬೂದಿ ತೆಗೆದವರು, ಕಲಗಚ್ಚು ಹೊತ್ತವರು, ಕೊಟ್ಟಿಗೆ ಬಾಚಿದವರು, ಸೀಗೆ ಕುಟ್ಟಿದವರು, ಬಚ್ಚಲಿನ ಹಂಡೆಗೆ ನೀರು ತುಂಬಿದವರು, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡವರು? ಮನೆಯ ಹೆಂಗಸರು ಮತ್ತು ಆ ಮನೆಯನ್ನು ನಂಬಿ ಬಾಳಿದ ಕೆಲಸದ ಹೆಂಗಸರು. ಮೊದಲನೆಯವರಿಗೆ ಸಂಬಳವೇ ಇರಲಿಲ್ಲ. ಎರಡನೆಯವರಿಗೆ ಸಿಕ್ಕಿದ್ದು ಇದ್ದೂ ಇಲ್ಲದಂತೆ.

ಇದನ್ನು ಒಪ್ಪಿಕೊಂಡರೆ ಪ್ಲಾಸ್ಟಿಕ್ ನಮ್ಮ ಮನೆಗಳಿಗೆ ಹೇಗೆ ಬಂತೆಂಬುದು ತಿಳಿಯುತ್ತದೆ. ಅದು ಬುದ್ಧಿಗೇಡಿತನದಿಂದ ಬಂದದ್ದಲ್ಲ, ಸೋಮಾರಿತನದಿಂದಲೂ ಅಲ್ಲ. ಹತ್ತು ಕೈ ಇದ್ದ ಮನೆಯಲ್ಲಿ ಎರಡು ಕೈ ಉಳಿದಾಗ ಬಂತು. ಅಡಿಕೆ ಸುಲಿಯುವುದನ್ನೇ ನೋಡಿ. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತು ಸುಲಿಯುತ್ತಿದ್ದ ಕಾಲ ನಮಗೆಲ್ಲ ನೆನಪಿದೆ. ಸುಲಿತಕ್ಕೆ ಕೂಲಿ ಏರಿತು, ಆಳು ಸಿಗದಾಯಿತು. ನಾವು ಸಭೆ ಸೇರಿದೆವು, ಸಾಲ ಕೊಟ್ಟೆವು, ಸುಲಿಯುವ ಯಂತ್ರ ತಂದೆವು. ಪಾತ್ರೆ ತಿಕ್ಕುವ ಕೆಲಸಕ್ಕೂ ಆಳು ಸಿಗದಾಯಿತು. ಅದಕ್ಕೆ ಯಾರೂ ಸಭೆ ಸೇರಲಿಲ್ಲ. ಕೂಲಿ ಕೊಡಬೇಕಾದ ಕೆಲಸಕ್ಕೆ ಯಂತ್ರ ಬಂತು. ಕೂಲಿ ಇಲ್ಲದ ಕೆಲಸಕ್ಕೆ ಕಾಗದದ ಲೋಟ ಬಂತು. ಇದರಲ್ಲಿ ದೋಷ ಯಾರದೆಂದು ಸದಸ್ಯರೇ ತೀರ್ಮಾನಿಸಬೇಕು.

ಈ ಮಾತು ಪಾತ್ರೆಗೆ ಮಾತ್ರವಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಪ್ರಾರಂಭವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ನಮ್ಮ ಕಡೆಯ ಎಷ್ಟೋ ಅಡುಗೆಮನೆಗಳಿಗೆ ಬಂದದ್ದು ಹಿರಿಯರಿಗೆ ನೆನಪಿರಬಹುದು. ಸೌದೆ ಕಡಿಮೆ ಬೇಕು, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಒಂದೇ ಏಟಿಗೆ ಕಾಡೂ ಉಳಿಯಿತು, ಹೆಂಗಸರ ಕಣ್ಣೂ ಉಳಿಯಿತು. ಹಸಿರು ಬಾಳು ಎಂದರೆ ನಮಗೆ ಅಂಥದ್ದು. ಗೋಬರ್ ಗ್ಯಾಸ್ ಸ್ಥಾವರಗಳ ಕತೆ ಹಾಗಾಗಲಿಲ್ಲ. ಮನೆಮನೆಗೂ ಗುಂಡಿ ತೆಗೆದೆವು. ದಿನವೂ ಸಗಣಿ ಕದಡುವ ಕೆಲಸ ಮಾತ್ರ ಮನೆಯಲ್ಲಿ ಒಬ್ಬರದೇ ಆಗಿ ಉಳಿಯಿತು. ದನಗಳು ಕಡಿಮೆಯಾದವು, ಸಿಲಿಂಡರ್ ಬಂತು, ಗುಂಡಿಯ ಮೇಲೆ ಇಂದು ಎಷ್ಟೋ ಮನೆಗಳಲ್ಲಿ ಸೌದೆ ಒಟ್ಟಿದೆ. ನಮ್ಮ ಮನೆಯಲ್ಲೂ ಅಷ್ಟೆ.

ಬಂಗಾರದ ಮನುಷ್ಯನನ್ನು ನಾವು ಕಂಡ ಬಗೆ

ನಮ್ಮ ಪ್ರಾಯದ ಸದಸ್ಯರು ಟೂರಿಂಗ್ ಟಾಕೀಸಿನ ಡೇರೆಯೊಳಗೆ ಮಣ್ಣಿನ ಮೇಲೆ ಕೂತು 'ಬಂಗಾರದ ಮನುಷ್ಯ' ನೋಡಿದವರು. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಆ ಚಿತ್ರ ತೆರೆಕಂಡದ್ದು 1972ರಲ್ಲಿ. ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷದಷ್ಟು ಕಾಲ ಓಡಿದ ಚಿತ್ರ. ಅದನ್ನು ನೋಡಿ ಪಟ್ಟಣದ ನೌಕರಿ ಬಿಟ್ಟು ಹಳ್ಳಿಗೆ ಮರಳಿದ ವಿದ್ಯಾವಂತರಿದ್ದರೆಂದು ಇಂದಿಗೂ ಹೇಳುತ್ತಾರೆ. ನಾವು ಪದವಿ ಮುಗಿಸಿ ತೋಟಕ್ಕೆ ಮರಳಿದಾಗ ನಮ್ಮ ತಂದೆಯವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ. ಆದರೆ ನಮ್ಮ ಮನಸ್ಸಿನಲ್ಲಿ ಆ ರಾಜೀವನೇ ಇದ್ದ ಎಂಬುದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆದರೆ ಆ ಚಿತ್ರದಲ್ಲಿ ನಾವು ನೆನಪಿಟ್ಟುಕೊಂಡದ್ದು ಅರ್ಧ ಮಾತ್ರ. ರಾಜೀವ ಬಂಜರು ನೆಲವನ್ನು ಹಸನು ಮಾಡಿದ್ದು, ನೀರು ತೆಗೆದದ್ದು, ಪೈರು ತೂಗಾಡಿದ್ದು, ಅಕ್ಕನ ಸಂಸಾರಕ್ಕೆ ಆಸರೆಯಾಗಿ ನಿಂತದ್ದು, ಇದೆಲ್ಲ ನೆನಪಿದೆ. ಚಿತ್ರ ಮುಗಿಯುವುದು ಹೇಗೆ? ಅಷ್ಟೆಲ್ಲ ಮಾಡಿದ ರಾಜೀವ ಮನೆಯವರದೇ ಸಂಶಯದ ಮಾತಿಗೆ ನೊಂದು, ಎಲ್ಲವನ್ನೂ ಬಿಟ್ಟು ಮನೆಯಿಂದ ಹೊರಟುಹೋಗುತ್ತಾನೆ. ನೆಲ ಹಸಿರಾಯಿತು, ದುಡಿದವನಿಗೆ ಮನೆಯಲ್ಲಿ ಮರ್ಯಾದೆ ಉಳಿಯಲಿಲ್ಲ. ಡೇರೆಯಿಂದ ಹೊರಗೆ ಬರುವಾಗ ನಾವು ಕಣ್ಣೊರೆಸಿಕೊಂಡೆವು, ಆಮೇಲೆ ಹಾಡು ಗುನುಗುತ್ತ ಮನೆಗೆ ಹೋದೆವು. ದುಡಿದವರ ದುಡಿಮೆಯನ್ನು ಕಾಣದ ಮನೆ ಉಳಿಯುವುದಿಲ್ಲ ಎಂಬ ಪಾಠವನ್ನು ಅಲ್ಲೇ ಬಿಟ್ಟು ಬಂದೆವು. ನಮ್ಮ ಮನೆಗಳಲ್ಲಿ ಹಾಗೆ ದುಡಿದೂ ಲೆಕ್ಕಕ್ಕೆ ಬಾರದವರು ಯಾರೆಂಬುದನ್ನು ಮತ್ತೆ ಹೇಳಬೇಕಿಲ್ಲ.

ಚಿತ್ರಗಳು ಕಾಡನ್ನೂ ತೋಟವನ್ನೂ ಪ್ರೀತಿಸಲು ನಮಗೆ ಕಲಿಸಿವೆ, ಅದಕ್ಕೆ ನಾವು ಕೃತಜ್ಞರು. 1973ರ 'ಗಂಧದ ಗುಡಿ'ಯಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ಕಾಡನ್ನು ಕಾದರು. ಅವರ ಮಗ ಪುನೀತ್ ರಾಜ್‌ಕುಮಾರ್ ಅದೇ ಹೆಸರಿನ ಇನ್ನೊಂದು ಚಿತ್ರಕ್ಕಾಗಿ ಕರ್ನಾಟಕದ ಕಾಡುಗಳನ್ನು ಸುತ್ತಿದರು. ಅವರು 2021ರ ಅಕ್ಟೋಬರಿನಲ್ಲಿ ತೀರಿಕೊಂಡ ಒಂದು ವರ್ಷಕ್ಕೆ ಆ ಚಿತ್ರ ತೆರೆಗೆ ಬಂದಾಗ ನಮ್ಮ ತಾಯಿಯವರೂ ಪೇಟೆಗೆ ಬಂದು ನೋಡಿದರು. ಶಂಕರ್‌ನಾಗ್ ಅವರು 'ಮಾಲ್ಗುಡಿ ಡೇಸ್' ಮಾಡಲು ಆಗುಂಬೆಯ ಬೀದಿ ಮತ್ತು ದೊಡ್ಡಮನೆಯನ್ನು ಆರಿಸಿಕೊಂಡ ಮೇಲೆ ಮಲೆನಾಡಿನ ಮನೆ ಎಂದರೆ ಇಡೀ ದೇಶಕ್ಕೆ ಆ ಜಗಲಿ, ಆ ಕಂಬ, ಆ ಅಂಗಳ ಎಂದಾಯಿತು. ಈಗಂತೂ ಮೊಬೈಲಿನಲ್ಲಿ ಅರ್ಧ ನಿಮಿಷದ ಚಿತ್ರಗಳು ಬರುತ್ತವೆ: ಸೌದೆ ಒಲೆ, ಪತ್ರೊಡೆ, ಹಿನ್ನೆಲೆಗೆ ಕೊಳಲು. ಪಟ್ಟಣದಲ್ಲಿ ಕೂತವರು ನೋಡಿ ನಿಟ್ಟುಸಿರು ಬಿಡುತ್ತಾರೆ. ಪತ್ರೊಡೆ ಬೆಂದ ಮೇಲೆ ತಳ ಹಿಡಿದ ಪಾತ್ರೆಯನ್ನು ತೋರಿಸಿದ ಒಂದು ಚಿತ್ರವನ್ನೂ ನಾವು ಈವರೆಗೆ ಕಂಡಿಲ್ಲ.

ಸಾಹಿತ್ಯದಲ್ಲಾದರೂ ಈ ಕೊರತೆ ಅಲ್ಲಲ್ಲಿ ತುಂಬಿದೆ. ಮೂಡಿಗೆರೆಯ ತೇಜಸ್ವಿಯವರು ನಮ್ಮಂತೆಯೇ ಕಾಫಿ ಬೆಳೆಗಾರರಾಗಿದ್ದರು. ಅವರ 'ಕರ್ವಾಲೊ' ಓದದ ಬೆಳೆಗಾರನ ಮನೆ ವಿರಳ. ಆದರೆ ಆ ತೋಟದ ಮನೆಯ ಬದುಕನ್ನು ಒಳಗಿನಿಂದ ತಿಳಿಯಬೇಕೆಂದರೆ ಶ್ರೀಮತಿ ರಾಜೇಶ್ವರಿ ತೇಜಸ್ವಿಯವರು ಬರೆದ 'ನನ್ನ ತೇಜಸ್ವಿ'ಯನ್ನು ಓದಬೇಕು. ಎರಡನ್ನೂ ಓದಿದವರಿಗೆ ತೋಟ ಪೂರ್ತಿ ಕಾಣುತ್ತದೆ.

ಹೆಣ್ಣು ಸಿಗದ ತೋಟಗಳು

ಈಗ ಎಲ್ಲರ ಮನೆಯಲ್ಲೂ ಪಿಸುಮಾತಿನಲ್ಲಿ ನಡೆಯುವ ವಿಷಯಕ್ಕೆ ಬರುತ್ತೇವೆ. ತೋಟದಲ್ಲಿ ಉಳಿದ ಹುಡುಗರಿಗೆ ಮದುವೆಗೆ ಹೆಣ್ಣು ಸಿಗುತ್ತಿಲ್ಲ. ಇದು ನಮ್ಮ ತಾಲ್ಲೂಕಿನ ಕತೆ ಮಾತ್ರವಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು, ಬಹುಪಾಲು ರೈತರ ಮಕ್ಕಳು, ಮದುವೆ ಕೂಡಿಬರಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಓದಿ ನಕ್ಕವರೂ ಇದ್ದರು. ಹೆಣ್ಣು ಹುಡುಕಿ ಹುಡುಕಿ ಸೋತ ಮನೆಯವರು ನಗಲಿಲ್ಲ.

ಹೆಣ್ಣುಮಕ್ಕಳಿಗೆ ಪಟ್ಟಣದ ಹುಚ್ಚು, ಸಿನಿಮಾ ಮತ್ತು ಮೊಬೈಲು ತಲೆ ಕೆಡಿಸಿವೆ ಎಂದು ನಾವು ಜಗಲಿಯ ಮೇಲೆ ಕೂತು ತೀರ್ಪು ಕೊಡುತ್ತೇವೆ. ಊಟದ ಮಾರನೆಯ ದಿನ ಬೆಂಗಳೂರಿಗೆ ಹೊರಟು ನಿಂತ ಮಗಳನ್ನು ನಾವು ಇದೇ ಪ್ರಶ್ನೆ ಕೇಳಿದೆವು. ತೋಟದ ಮನೆಯ ಹುಡುಗನೊಬ್ಬನ ಪ್ರಸ್ತಾಪ ಬಂದಿತ್ತು. ಓದಿದ ಹುಡುಗ, ಒಳ್ಳೆಯ ತೋಟ, ಸಾಲವಿಲ್ಲ. ಅವಳು ಸಿಟ್ಟಾಗಲಿಲ್ಲ. "ಅಪ್ಪಾ, ತೋಟ ನನಗೆ ಬೇಡವಾಗಿಲ್ಲ. ನೀವು ತೋಟದ ಬಗ್ಗೆ ಬರೆದದ್ದೆಲ್ಲ ಓದಿದ್ದೇನೆ. ಆದರೆ ನಿನ್ನೆ ಅಮ್ಮ ಊಟಕ್ಕೆ ಕೂತದ್ದು ಎಷ್ಟು ಗಂಟೆಗೆ ಅಂತ ನೋಡಿದಿರಾ?" ಎಂದಳು.

ನಾವು ನೋಡಿರಲಿಲ್ಲ. ಸಂಜೆ ಐದು ಗಂಟೆಗಂತೆ.

ಸದಸ್ಯ ಬಂಧುಗಳೇ, ನಮ್ಮ ಹೆಣ್ಣುಮಕ್ಕಳು ಸಿನಿಮಾ ನೋಡಿ ಪಟ್ಟಣಕ್ಕೆ ಹೋದವರಲ್ಲ. ತಮ್ಮ ತಾಯಂದಿರನ್ನು ನೋಡಿ ಹೋದವರು. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಾಳಿಯಿಲ್ಲ, ನೀರು ಟ್ಯಾಂಕರಿನದು. ಆದರೂ ಅಲ್ಲಿ ದುಡಿದದ್ದಕ್ಕೆ ತಿಂಗಳ ಕೊನೆಯಲ್ಲಿ ಲೆಕ್ಕವಿದೆ. ಇಲ್ಲಿ ಕಾಡು, ಹಳ್ಳ, ತಂಪು ಎಲ್ಲ ಇದೆ. ಹಿತ್ತಿಲ ಕಲ್ಲಿನ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಹಸಿರು ಬಾಳಿನ ಹೆಸರಿನಲ್ಲಿ ಇನ್ನಷ್ಟು ಕೆಲಸವನ್ನು ಅದೇ ಎರಡು ಕೈಗಳ ಮೇಲೆ ಹೇರಿದರೆ ಉಳಿದಿರುವವರೂ ಹೊರಡುತ್ತಾರೆ. ಆಗ ತೋಟ ಹಸಿರಾಗಿಯೇ ಇರಬಹುದು, ಸಂಜೆ ದೀಪ ಹಚ್ಚುವವರು ಇರುವುದಿಲ್ಲ.

ಅಪ್ಪಿಕೋ ಚಳವಳಿಯನ್ನು ನೆನಪಿಸಿಕೊಳ್ಳಿ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಕಡೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಅವರಲ್ಲಿ ಯುವಕರಿದ್ದಂತೆ ಹೆಂಗಸರೂ ಇದ್ದರು. ಸೌದೆ, ಸೊಪ್ಪು, ನೀರು ಎಂದರೆ ಏನೆಂಬುದು ಹೊತ್ತವರಿಗೆ ಗೊತ್ತು. ನಮ್ಮ ಹೆಂಗಸರಿಗೆ ಹಸಿರಿನ ಪಾಠ ಹೇಳುವ ಅಗತ್ಯವಿಲ್ಲ. ಅವರ ಭಾರದಲ್ಲಿ ಪಾಲು ಹೊರುವ ಅಗತ್ಯವಿದೆ.

ಹಾಳೆ ತಟ್ಟೆಯೊಂದೇ ಸಾಲದು

"ನಮ್ಮಲ್ಲೇ ಹಾಳೆ ಇದೆಯಲ್ಲ, ಹಾಳೆ ತಟ್ಟೆ ಬಳಸಿದರೆ ಮುಗಿಯಿತು, ತೊಳೆಯುವ ಕೆಲಸವೇ ಇಲ್ಲ" ಎಂದು ಕೆಲವು ಸದಸ್ಯರು ಹೇಳುವುದುಂಟು. ಒಂದು ಅಡಿಕೆಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಅದನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅದರಿಂದ ನಮ್ಮ ಹಲವು ಸದಸ್ಯರ ಮನೆಗೆ ನಾಲ್ಕು ಕಾಸು ಬಂದಿದೆ. ಕರ್ನಾಟಕದಲ್ಲಿ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದ ಮೇಲೂ, ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂದ ಮೇಲೂ ಈ ಉದ್ಯಮಕ್ಕೆ ಹುರುಪು ಬಂದದ್ದು ನಿಜ.

ಆದರೆ ಎರಡು ಮಾತು ಗಮನಿಸಬೇಕು. ಮೊದಲನೆಯದು, 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಯನ್ನು ಆಹಾರಕ್ಕೆ ಬಳಸಬಾರದೆಂದಿತು. ಅಡಿಕೆ ಗಿಡದಲ್ಲಿರುವ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂಬುದು ಅವರು ಕೊಟ್ಟ ಕಾರಣ. ತಲೆತಲಾಂತರದಿಂದ ಹಾಳೆಯನ್ನು ಬಳಸಿದ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೂ ಅನುಮಾನ ತೀರಬೇಕಾದದ್ದು ಪ್ರಯೋಗಾಲಯದಲ್ಲಿ. ಜಗಲಿಯ ವಾದದಿಂದ ತೀರುವುದಿಲ್ಲ. ಒಂದೇ ಬುಟ್ಟಿಯಲ್ಲಿ ಭರವಸೆಯನ್ನೆಲ್ಲ ಇಡುವುದು ಜಾಣತನವಲ್ಲ. ಎರಡನೆಯದು, ನಮ್ಮ ಮನೆಯ ಊಟದಲ್ಲಿ ತಟ್ಟೆಯ ತೊಂದರೆ ಆಗಲೇ ಇಲ್ಲ, ಬಾಳೆಲೆ ಇತ್ತು. ಸೋತದ್ದು ಲೋಟದಲ್ಲಿ. ಕಾಗದದ ಲೋಟ ಎಂದು ಸಮಾಧಾನಪಡಲೂ ಆಗದು. ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಲೇಪ ಇರುತ್ತದೆ.

ಇದರ ಜೊತೆಗೆ, ಅಂಗಳದ ಲೋಟದ ಬಗ್ಗೆ ಮಾತಾಡುವ ನಾವು ತೋಟದ ಕಡೆಗೂ ಕಣ್ಣು ಹಾಯಿಸಬೇಕು. ಕರಡದ ಕೊಟ್ಟೆಯ ಜಾಗಕ್ಕೆ ಪಾಲಿಥೀನ್ ಕೊಟ್ಟೆ ಬಂದಿದೆ. ಹರಿದ ಮೇಲೆ ಅದು ಬೀಳುವುದು ನಮ್ಮದೇ ಕಪ್ಪಿನಲ್ಲಿ, ಅಂದರೆ ತೋಟದ ಬಸಿಗಾಲುವೆಯಲ್ಲಿ. ಔಷಧಿಯ ಖಾಲಿ ಡಬ್ಬಿಗಳು ಹಳ್ಳದ ದಂಡೆಯಲ್ಲಿ. ಕಾಫಿ ಪಲ್ಪರಿನ ನೀರನ್ನು ಗುಂಡಿಗೆ ಬಿಡದೆ ಹಳ್ಳಕ್ಕೆ ಬಿಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇದಾವುದೂ ಹೆಂಗಸರು ಮಾಡಿದ್ದಲ್ಲ.

ನಮ್ಮ ಸಲಹೆಗಳು

ಬರಿದೆ ದೂರುವುದು ಕಾರ್ಯದರ್ಶಿಯ ಕೆಲಸವಲ್ಲ. ಬರುವ ಮಹಾಸಭೆಯ ಮುಂದೆ ನಾವು ನಾಲ್ಕು ಸಲಹೆಗಳನ್ನು ಇಡಲಿದ್ದೇವೆ. ಸದಸ್ಯರು ಮನೆಯಲ್ಲಿ ಚರ್ಚಿಸಿ ಬರಬೇಕು. ಜಗಲಿಯಲ್ಲಷ್ಟೇ ಚರ್ಚಿಸಿದರೆ ಸಾಲದು, ಅಡುಗೆಮನೆಯಲ್ಲೂ ಚರ್ಚಿಸಬೇಕು.

ಒಂದು, ಸಂಘದ ಹಳೆಯ ಗೋದಾಮಿನ ಒಂದು ಭಾಗದಲ್ಲಿ ಪಾತ್ರೆ ಭಂಡಾರ. ಐದುನೂರು ಸ್ಟೀಲ್ ಲೋಟ, ಐದುನೂರು ತಟ್ಟೆ, ನಲ್ಲಿ ಇರುವ ನೀರಿನ ದೊಡ್ಡ ಪಾತ್ರೆಗಳು. ಮದುವೆ, ಮುಂಜಿ, ತಿಥಿ, ಗೃಹಪ್ರವೇಶ ಯಾವುದಕ್ಕಾದರೂ ಸದಸ್ಯರಿಗೆ ಬಾಡಿಗೆಗೆ. ಪಾತ್ರೆ ಎಂಜಲಾಗಿಯೇ ಹಿಂದಕ್ಕೆ ಬರಬಹುದು. ತೊಳೆಯುವುದು ಭಂಡಾರದ ಕೆಲಸ. ಗೋದಾಮಿನ ಹಿಂದೆ ಒಲೆ ಹಾಕಿ, ಅಡಿಕೆ ಸಿಪ್ಪೆ ಉರಿಸಿದರೆ ಬಿಸಿನೀರಿಗೆ ಕೊರತೆಯಿಲ್ಲ.

ಎರಡು, ತೊಳೆಯುವವರ ಕೂಲಿ ಬಾಡಿಗೆಯಲ್ಲೇ ಸೇರಿರಬೇಕು, ಮತ್ತು ಅದು ತೋಟದಲ್ಲಿ ಗಂಡಾಳಿಗೆ ಕೊಡುವ ಕೂಲಿಗೆ ಕಡಿಮೆಯಿರಬಾರದು. ಬಾಡಿಗೆ ಹೆಚ್ಚಾಯಿತೆಂದು ಕೆಲವರು ಗೊಣಗಬಹುದು. ಇಷ್ಟು ದಿನ ಅದು ಅಗ್ಗವಾಗಿರಲಿಲ್ಲ. ಬೇರೆಯವರು ಕೊಡುತ್ತಿದ್ದರು, ಅಷ್ಟೆ. ಇನ್ನೊಬ್ಬರು ಉಂಡ ತಟ್ಟೆಯಲ್ಲಿ ಉಣ್ಣಲು ಮನಸ್ಸು ಬಾರದವರಿಗೆ ಬಾಳೆಲೆ ಇದ್ದೇ ಇದೆ. ಲೋಟಕ್ಕೆ ಆ ಸಂಕೋಚ ಬೇಡ. ಪೇಟೆಯ ಹೋಟೆಲಿನಲ್ಲಿ ನಾವೆಲ್ಲ ಕುಡಿಯುವ ಕಾಫಿ ಯಾವ ಲೋಟದಲ್ಲಿ ಬರುತ್ತದೆಂದು ಸ್ವಲ್ಪ ಯೋಚಿಸಿದರೆ ಸಾಕು.

ಮೂರು, ಹರಿದ ಪಾಲಿಥೀನ್ ಕೊಟ್ಟೆಗಳನ್ನು ಸದಸ್ಯರು ಅಡಿಕೆ ತರುವಾಗಲೇ ಕಟ್ಟಿ ತಂದು ಸಂಘಕ್ಕೆ ಒಪ್ಪಿಸುವುದು. ಔಷಧಿಯ ಖಾಲಿ ಡಬ್ಬಿಗಳನ್ನು ಮೂರು ಬಾರಿ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿ ತಂದು ಕೊಡುವುದು. ಅಲ್ಲಿಂದ ಮುಂದಿನ ವಿಲೇವಾರಿಯ ಹೊಣೆ ಸಂಘದ್ದು. ಹಾಗೆಯೇ ನಿಂತುಹೋದ ಗೋಬರ್ ಗ್ಯಾಸ್ ಸ್ಥಾವರಗಳಲ್ಲಿ ಸರಿಪಡಿಸಲು ಬರುವಂಥವು ಎಷ್ಟಿವೆ ಎಂದು ಒಂದು ಪಟ್ಟಿ ಮಾಡುವುದು. ಕದಡುವ ಕೆಲಸಕ್ಕೆ ಕೈಯಿಂದ ತಿರುಗಿಸುವ ಕದಡುಗ ಇದ್ದರೆ ಸಗಣಿಗೆ ಕೈ ಹಾಕಬೇಕಾಗಿಲ್ಲ; ಅದನ್ನು ತಿರುಗಿಸಲು ಗಂಡಸರಿಗೂ ಬರುತ್ತದೆ.

ನಾಲ್ಕು, ಮಹಾಸಭೆಗೆ ಮನೆಯ ಹೆಂಗಸರು ಬರಬೇಕು. ಖಾತೆ ಗಂಡಸರ ಹೆಸರಿನಲ್ಲಿ ಇರುವುದರಿಂದ ನಮ್ಮ ಸದಸ್ಯರ ಪಟ್ಟಿಯಲ್ಲಿ ಹೆಂಗಸರ ಹೆಸರು ಬೆರಳೆಣಿಕೆಯಷ್ಟು. ಆಡಳಿತ ಮಂಡಳಿಯಲ್ಲಿ ಕಾನೂನಿನಂತೆ ಮಹಿಳೆಯರಿಗೆ ಮೀಸಲಾದ ಸ್ಥಾನಗಳಿವೆ. ಆದರೆ ಸಭೆಯ ಹಿಂದಿನ ಸಾಲುಗಳಲ್ಲಿ ಕೇಳಲು, ಕೇಳಿ ಪ್ರಶ್ನಿಸಲು ಯಾರೂ ಇರುವುದಿಲ್ಲ. ಈ ಬಾರಿ ಸಭೆಯ ದಿನದ ಅಡುಗೆ ಮತ್ತು ಬಡಿಸುವ ಕೆಲಸ ಪೂರ್ತಿ ಗಂಡಸರದು. ಉಪ್ಪು ಹೆಚ್ಚಾದರೆ ಎಲ್ಲರೂ ಸಹಿಸಿಕೊಳ್ಳಬೇಕು.

ಅಡಿಕೆ ಸಂಘಕ್ಕೇಕೆ ಲೋಟದ ಉಸಾಬರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಬ್ಬೊಬ್ಬ ಬೆಳೆಗಾರನಿಂದ ಆಗದ ಕೆಲಸವನ್ನು ಹತ್ತು ಜನ ಸೇರಿ ಮಾಡಲಿಕ್ಕೆಂದೇ ಸಹಕಾರ ಸಂಘ ಹುಟ್ಟಿದ್ದು. ನಮ್ಮ ಹಿರಿಯರು ಸಂಘ ಕಟ್ಟಿದಾಗ ಅಡಿಕೆ ಮಾರುವುದು ಒಂಟಿಯಾಗಿ ಆಗದ ಕೆಲಸವಾಗಿತ್ತು. ಇಂದು ಮನೆ ನಡೆಸುವುದು ಒಂಟಿಯಾಗಿ ಆಗದ ಕೆಲಸವಾಗಿದೆ. ಮನೆ ನಡೆಯದಿದ್ದರೆ ತೋಟ ನಡೆಯದು. ತೋಟ ನಡೆಯದಿದ್ದರೆ ಸಂಘಕ್ಕೆ ಅಡಿಕೆ ತರುವವರು ಯಾರು?

ಕೊನೆಯದಾಗಿ ನಮ್ಮದೇ ಒಂದು ಮಾತು. ಜೇಷ್ಠ ಮಾಸದಿಂದ ನಮ್ಮ ಮನೆಯ ರಾತ್ರಿಯ ಪಾತ್ರೆ ನಮ್ಮ ಪಾಲಿಗೆ ಬಂದಿದೆ. ಪದವೀಧರರಾದರೂ ಈ ವಿದ್ಯೆಯಲ್ಲಿ ನಾವು ಒಂದನೆಯ ತರಗತಿ. ತಣ್ಣೀರಿನಲ್ಲಿ ಎಣ್ಣೆಯ ಜಿಡ್ಡು ಬಿಡುವುದಿಲ್ಲವೆಂಬುದೂ, ತಳ ಹಿಡಿದ ಪಾತ್ರೆಯನ್ನು ಮೊದಲೇ ನೆನೆಹಾಕಬೇಕೆಂಬುದೂ, ಮಳೆಗಾಲದಲ್ಲಿ ಆ ಕಲ್ಲಿನ ಮುಂದೆ ಅರ್ಧ ಗಂಟೆ ಕುಕ್ಕರುಗಾಲಿನಲ್ಲಿ ಕೂತರೆ ಮಂಡಿ ಏನಾಗುತ್ತದೆಂಬುದೂ ಐವತ್ತು ದಾಟಿದ ಮೇಲೆ ತಿಳಿಯಿತು. ಎರಡನೆಯ ವಾರವೇ ಕಲ್ಲನ್ನು ಸೊಂಟದ ಎತ್ತರಕ್ಕೆ ಏರಿಸಿ ಕಟ್ಟಿಸಿದೆವು. ಮೂವತ್ತು ವರ್ಷ ಆ ಕೆಲಸ ಮಾಡಿದವರು ಒಮ್ಮೆಯೂ ಕೇಳಿರಲಿಲ್ಲ ಎಂದು ನಾವು ಆಶ್ಚರ್ಯಪಟ್ಟೆವು. ಕೇಳಿದ್ದರಂತೆ, ಎರಡು ಬಾರಿ. "ಹೇಗೋ ಆಗುತ್ತದೆ ಬಿಡು" ಎಂದಿದ್ದೆವಂತೆ.

ಮಹಾಸಭೆಯ ದಿನಾಂಕ ಮತ್ತು ಕಾರ್ಯಸೂಚಿ ಕೊನೆಯ ಪುಟದಲ್ಲಿದೆ. ಸದಸ್ಯರೆಲ್ಲರೂ ಕುಟುಂಬ ಸಮೇತರಾಗಿ ಬರಬ��ಕೆಂದು ವಿನಂತಿ. ಬರುವಾಗ ಒಬ್ಬೊಬ್ಬರೂ ತಮ್ಮ ಮನೆಯಿಂದ ಒಂದು ಲೋಟ ತರಬೇಕು. ಕುಡಿದ ಮೇಲೆ ಅವರವರ ಲೋಟ ಅವರವರೇ ತೊಳೆಯಬೇಕು.